ಮಾಮಾನ ಟ್ರಂಕಿನ ಸ್ಲಾಟ್ ಕಾರು: ಕೈಯಿಂದ ಕಟ್ಟಿದ ಹಳೆ ಗಾಡಿಯನ್ನು ಮತ್ತೆ ಓಡಿಸುವ ಬಗೆ

ಕಾರು ಕೈಗೆ ಸಿಕ್ಕ ದಿನ ಸ್ಕ್ರೂಡ್ರೈವರ್ ಮುಟ್ಟಬೇಡಿ. ನಾನು ಮುಟ್ಟಿ ಕೆಡಿಸಿಕೊಂಡಿದ್ದೇನೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ನಮ್ಮ ಮಾಮಾ 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಖಾನೆ ಕೆಲಸಕ್ಕಿದ್ದರು. ವಾಪಸ್ ಬರುವಾಗ ತಂದ ಟ್ರಂಕು ಬೆಳಗಾವಿಯ ತಿಲಕವಾಡಿ ಮನೆಯ ಅಟ್ಟದ ಮೇಲೆ ಹಾಗೇ ಕೂತಿತ್ತು. ಹೋದ ವರ್ಷ ಅಟ್ಟ ಖಾಲಿ ಮಾಡುವಾಗ ಅತ್ತಿ ಹಳೆ ಬನಿಯನ್ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಟ್ಟ ಹಸಿರು ಕಾರು ತೆಗೆದುಕೊಟ್ಟರು. "ತಮ್ಮಾ, ಮೋಡಕಾದವಂಗ (ಗುಜರಿಯವನಿಗೆ) ಹಾಕೋಳಿದ್ದೆ. ನಿನಗ ಬೇಕಿದ್ರ ಒಯ್ಯಿ."

ಸ್ಲಾಟ್ ಕಾರು ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಲಗೆಯ ಟ್ರ್ಯಾಕಿನಲ್ಲಿ ಒಂದು ಸಣ್ಣ ಕಾಲುವೆ ಇರುತ್ತದೆ, ಅದೇ ಸ್ಲಾಟ್. ಕಾರಿನ ಮೂತಿಯ ಕೆಳಗೆ ಒಂದು ನಾಲಿಗೆ ಇರುತ್ತದೆ, ಅದನ್ನು ಗೈಡ್ ಅನ್ನುತ್ತಾರೆ. ಗೈಡ್ ಸ್ಲಾಟಿನಲ್ಲಿ ಇಳಿದು ಕಾರನ್ನು ದಾರಿ ತಪ್ಪದ ಹಾಗೆ ಹಿಡಿಯುತ್ತದೆ. ಸ್ಲಾಟಿನ ಎರಡೂ ಬದಿಗೆ ಲೋಹದ ಪಟ್ಟಿ. ಅದರಿಂದ ಸಾಮಾನ್ಯವಾಗಿ 12 ವೋಲ್ಟ್ ಡಿಸಿ ಕರೆಂಟು ಮೋಟರಿಗೆ ಹೋಗುತ್ತದೆ. ಕೈಯಲ್ಲಿರುವ ಕಂಟ್ರೋಲರ್ ಒತ್ತಿದಷ್ಟು ಸ್ಪೀಡು. ಇಂಗ್ಲೆಂಡಿನಲ್ಲಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಸೆಟ್ಟುಗಳು ಬಂದ ಮೇಲೆ ಈ ಆಟಕ್ಕೆ ಭಾರಿ ಬೇಡಿಕೆ ಬಂತು. ಅಂಗಡಿ ಕಾರು ಸಾಕಾಗದವರು ಹಿತ್ತಾಳೆ ಕೊಳವೆ, ಪಿಯಾನೋ ತಂತಿ ಬೆಸೆದು ತಾವೇ ಕಟ್ಟಿಕೊಳ್ಳತೊಡಗಿದರು. ಮಾಮಾನ ಗಾಡಿ ಅಂಥದ್ದು. 1/32 ಅಳತೆಯ ಜಾಗ್ವಾರ್ ಡಿ-ಟೈಪ್. 1955, 56, 57ರಲ್ಲಿ ಸತತ ಮೂರು ಸಲ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಕಾರು ಅದು. ನಮ್ಮದು ಉದ್ದ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ.

ಅಂಗಡಿಯ ಕಾರಾದರೆ ಅದೇ ಮಾದರಿಯ ಇನ್ನೊಂದನ್ನು ನೋಡಿ ಸರಿ ಮಾಡಬಹುದು. ಕೈಯಿಂದ ಕಟ್ಟಿದ್ದಕ್ಕೆ ಜೋಡಿಯೇ ಇಲ್ಲ. ಕಟ್ಟಿದವರು ಯಾಕೆ ಹೀಗೆ ಮಾಡಿದರು ಅಂತ ಕೇಳೋಣವೆಂದರೆ ಅವರೂ ಇಲ್ಲ. ಇರುವ ದಾಖಲೆ ಆ ಕಾರೊಂದೇ.

ಬಿಚ್ಚುವ ಮೊದಲು

ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೇಲೆ, ಕೆಳಗೆ, ನಾಲ್ಕೂ ಬದಿ. ಆಮೇಲೆ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಮತ್ತೊಮ್ಮೆ. ಯಾವ ವೈರು ಮೋಟರಿನ ಯಾವ ಕಡೆಗೆ, ಅದು ಚಾಸಿಯ (ಬಾಡಿಯ ಕೆಳಗಿನ ಚೌಕಟ್ಟಿನ) ಯಾವ ಸಂದಿಯಿಂದ ಬಂದಿದೆ, ವಾಷರ್ ಎಷ್ಟಿವೆ, ಎಡಕ್ಕೆಷ್ಟು, ಬಲಕ್ಕೆಷ್ಟು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ವಾಷರ್ ಒಂದು ಕಡೆ, ಒಂದೇ ಇನ್ನೊಂದು ಕಡೆ ಇದ್ದರೆ ಅದು ಮರೆವಲ್ಲ, ಲೆಕ್ಕ ಇರಬಹುದು.

ನಾನು ಏನು ಮಾಡಿದೆ ಗೊತ್ತಾ? ಚಾಸಿಯ ಬಲಗಡೆ ಒಂದು ಸೀಸದ ಪಟ್ಟಿ ಅಂಟಿತ್ತು. ಸೊಟ್ಟಗೆ ಕತ್ತರಿಸಿದ್ದು, ಬೆರಳಿನ ಗುರುತು ಬೇರೆ. ಎಡಗಡೆ ಏನೂ ಇಲ್ಲ. ಯಾವಾಗಲೋ ಯಾರೋ ಸುಮ್ನೆ ಅಂಟಿಸಿದ್ದಾರೆ ಅಂದುಕೊಂಡು ಚಾಕುವಿನಿಂದ ಎಬ್ಬಿಸಿ ತೆಗೆದೆ. ಎಲ್ಲ ಕೆಲಸ ಮುಗಿಸಿ ಓಡಿಸಿದರೆ ಪ್ರತಿ ಬಲ ತಿರುವಿನಲ್ಲೂ ಕಾರು ಎಡಕ್ಕೆ ಪಲ್ಟಿ. ಎಡ ತಿರುವಿನಲ್ಲಿ ಮಾತ್ರ ಚೆನ್ನಾಗಿಯೇ ಹೋಗುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮೋಟರ್ ಅಡ್ಡಲಾಗಿ ಕೂತಿದೆ. ಗೇರು ಬಲಕ್ಕೆ ಇರುವುದರಿಂದ ಮೋಟರಿನ ಭಾರವೆಲ್ಲ ಎಡಕ್ಕೆ ಸರಿದಿದೆ. ಅದಕ್ಕೆ ತೂಕ ಸರಿದೂಗಲಿ ಅಂತ ಬಲಕ್ಕೆ ಸೀಸ. ಪುಣ್ಯಕ್ಕೆ ಆ ಪಟ್ಟಿ ಬಿಸಾಡಿರಲಿಲ್ಲ.

ಹಾಗಾಗಿ ಯಾವುದನ್ನೂ ಎಸೆಯಬೇಡಿ. ಮುರಿದ ಟೈರ್ ತುಂಡು, ತುಕ್ಕು ಹಿಡಿದ ಸ್ಕ್ರೂ, ಪುಡಿ ಪುಡಿ ಆದ ವೈರು, ಎಲ್ಲವೂ ಡಬ್ಬಿಗೆ. ನಾನು ಕುಂದಾ ತಂದ ಪ್ಲಾಸ್ಟಿಕ್ ಡಬ್ಬಿಗಳನ್ನು ಬಳಸುತ್ತೇನೆ. ಒಂದೊಂದು ಡಬ್ಬಿಗೆ ಒಂದೊಂದು ಭಾಗ. ಮುಚ್ಚಳದ ಮೇಲೆ ಚೀಟಿ. ಸೀಸ ಮುಟ್ಟಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಬಾರದು, ಅದನ್ನೂ ನೆನಪಿಡಿ.

ಬಾಡಿ

ಬಾಡಿಯನ್ನು ಚಾಸಿಯಿಂದ ಬೇರೆ ಮಾಡಿ ಮೊದಲು ಪಕ್ಕಕ್ಕಿಡಿ. ಎಲ್ಲಕ್ಕಿಂತ ನಾಜೂಕಾದ ವಸ್ತು ಅದು, ಮೇಜಿನ ಮೇಲೆ ಉರುಳಾಡಬಾರದು. ಮಾಮಾನ ಕಾರಿನ ಬಾಡಿ ಫೈಬರ್‌ಗ್ಲಾಸಿನದು. ಆ ಕಾಲದಲ್ಲಿ ಬಾಲ್ಸಾ ಕಟ್ಟಿಗೆ ಕೆತ್ತಿದವರಿದ್ದಾರೆ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದವರಿದ್ದಾರೆ. ತೆಳು ಪ್ಲಾಸ್ಟಿಕ್ ಆಗಿದ್ದರೆ ಹಳದಿಯಾಗಿ ಹಪ್ಪಳದ ಹಾಗೆ ಆಗಿರುತ್ತದೆ. ಬಗ್ಗಿಸಿ ನೋಡಲೇಬೇಡಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಒಂದೇ ಹನಿ ಶಾಂಪೂ, ಕಿವಿಗೆ ಹಾಕುವ ಹತ್ತಿಕಡ್ಡಿ. ಇಷ್ಟೇ. ಅಂಟಿಸಿದ ನಂಬರ್ ಸ್ಟಿಕ್ಕರ್ ಇದ್ದ ಕಡೆ ನೀರು ನಿಲ್ಲಬಾರದು. ಕಡ್ಡಿ ಹಿಂಡಿಯೇ ಒರೆಸಿ. ನಾನು ಹಿಂದಿನ ಬಂಪರಿನ ಹತ್ತಿರ ಒಂದು ಕಪ್ಪು ಕಲೆ ಹೋಗಲಿಲ್ಲ ಅಂತ ಬಣ್ಣ ತೆಳು ಮಾಡುವ ಎನ್‌ಸಿ ಥಿನ್ನರ್ ತಾಗಿಸಿದೆ. ಎಣಿಸಿ ಮೂರು ಸೆಕೆಂಡು. ಹಸಿರು ಬಣ್ಣ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಪಕ್ಕದಲ್ಲಿ ಮಾಮಾ ಕುಂಚದಿಂದ ಬರೆದಿದ್ದ ಬಿಳಿ ಆರರ ಬಾಲ ಅರ್ಧ ಕಿತ್ತುಬಂತು. ಇವತ್ತಿಗೂ ಅದು ಹಾಗೇ ಇದೆ. ತಿದ್ದಲು ಹೋಗಲಿಲ್ಲ. ಪೂರ್ತಿ ಹೊಸ ಬಣ್ಣ ಹೊಡೆದರೆ ಚೆಂದ ಕಾಣುತ್ತದೆ ಅನ್ನುವವರು ಇದ್ದಾರೆ. ಕಾಣುತ್ತದೆ, ಆದರೆ ಆ ಕುಂಚದ ಗೆರೆ ಮತ್ತೆ ಬರುವುದಿಲ್ಲ. ನನ್ನ ಮಟ್ಟಿಗೆ ಬಣ್ಣ ಪೂರ್ತಿ ಉದುರಿಹೋಗಿದ್ದರೆ ಮಾತ್ರ ಹೊಸದು.

ಬಿರುಕನ್ನು ಹೊರಗಿನಿಂದ ತುಂಬಬೇಡಿ. ಒಳಗಿನಿಂದ ತೆಳುವಾದ ಗ್ಲಾಸ್ ಬಟ್ಟೆಯ ತುಂಡಿಗೆ ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಸವರಿ ಅಂಟಿಸಿ. ಒಂದು ರಾತ್ರಿ ಬಿಡಿ. ಗಾಜಿನ ಜಾಗದ ಪಾರದರ್ಶಕ ಪ್ಲಾಸ್ಟಿಕ್ ಬಿಟ್ಟುಕೊಂಡಿದ್ದರೆ ಫೆವಿಕ್ವಿಕ್ ಹತ್ತಿರಕ್ಕೂ ತರಬೇಡಿ, ಅದರ ಹಬೆಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಮಾಮೂಲಿ ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ.

ಚಾಸಿ, ಬೆಸುಗೆ

ಇಲ್ಲಿಂದ ನಿಜವಾದ ಕೆಲಸ. ಮೋಟರ್, ಆಕ್ಸಲ್, ಗೈಡ್ ತೆಗೆದಿಡಿ. ವೀಲುಗಳನ್ನು ಎಳೆಯುವ ಮುಂಚೆ ಗ್ರಬ್ ಸ್ಕ್ರೂ (ವೀಲನ್ನು ಆಕ್ಸಲಿಗೆ ಬಿಗಿಯುವ ತಲೆಯಿಲ್ಲದ ಪುಟ್ಟ ಸ್ಕ್ರೂ) ಇದೆಯಾ, ಚೂಡಿ (ಸ್ಕ್ರೂವಿಗಿರುವಂಥ ಸುರುಳಿ ಗೀರು) ಇದೆಯಾ ನೋಡಿ. ಆ ಕಾಲದ ಎಷ್ಟೋ ವೀಲುಗಳು ನಟ್ಟಿನ ಹಾಗೆ ತಿರುಗಿಸಿ ಬಿಚ್ಚುವಂಥವು. ಎಳೆದರೆ ಚೂಡಿ ಹೋಯಿತು.

ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ, ಅಟ್ಟದ ಮೇಲಿನ ಹಿತ್ತಾಳೆಯ ಗತಿ ಏನು? ಇದಕ್ಕೆ ನಮ್ಮ ಮನೆಯ ಮದ್ದೇ ಮದ್ದು, ಹುಣಸೆಹಣ್ಣು. ತಂಬಿಗೆ ತಿಕ್ಕುವ ಹಾಗೇ. ಆದರೆ ಎರಡು ಎಚ್ಚರಿಕೆ. ಉಪ್ಪು ಹಾಕಬೇಡಿ. ಅದು ಬೆಸುಗೆಯ ಸಂದಿಯಲ್ಲಿ ಕೂತು ಒಳಗಿಂದೊಳಗೇ ತಿನ್ನುತ್ತದೆ. ಎರಡನೆಯದು, ನೆನೆಹಾಕಬೇಡಿ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೆರಡು ನಿಮಿಷ ತಿಕ್ಕಿ, ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಹೇರ್ ಡ್ರೈಯರ್‌ನಿಂದ ಒಣಗಿಸಿ. ಹಸಿರು ಹೋದರೆ ನಿಲ್ಲಿಸಿ. ದೇವರ ಸಮೆಯ ಹಾಗೆ ಫಳಫಳ ಅನ್ನಿಸುವುದು ಬೇಡ. ಆ ಕಂದು ಬಣ್ಣ ಇರಲಿ. ಉಕ್ಕಿನ ತಂತಿಯ ತುಕ್ಕಿಗೆ ಅತಿ ನುಣುಪಾದ 0000 ನಂಬರಿನ ಸ್ಟೀಲ್ ವೂಲ್, ಆಮೇಲೆ ಬೆರಳಿಗೆ ತೆಳುವಾಗಿ ಮಷೀನ್ ಎಣ್ಣೆ ಹಚ್ಚಿ ಸವರುವುದು. ಸ್ಟೀಲ್ ವೂಲನ್ನು ಮೋಟರ್ ಇರುವ ಮೇಜಿಗೆ ತರಬೇಡಿ. ಅದರ ಧೂಳೆಲ್ಲ ಆಯಸ್ಕಾಂತಕ್ಕೆ ಮೆತ್ತಿಕೊಳ್ಳುತ್ತದೆ.

ಈಗ ಚಾಸಿಯನ್ನು ಕಿಟಕಿಯ ಹತ್ತಿರ ಹಿಡಿದು ಒಂದೊಂದೇ ಬೆಸುಗೆ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಒಳ್ಳೆಯ ಬೆಸುಗೆ ಕೊಳವೆಯ ಮೇಲೆ ತುಪ್ಪ ಹರಿದ ಹಾಗೆ ಅಂಚಿನವರೆಗೆ ಹಬ್ಬಿರುತ್ತದೆ. ಕೆಟ್ಟದ್ದು ಮುತ್ತಿನ ಹಾಗೆ ಉಂಡೆಯಾಗಿ ಮೇಲೆ ಕೂತಿರುತ್ತದೆ, ಅಥವಾ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ ಇರುತ್ತದೆ. ರೇಡಿಯೋ ರಿಪೇರಿಯವರು ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ಎರಡು ತುದಿ ಹಿಡಿದು ಸ್ವಲ್ಪವೇ ತಿರುಚಿ. ಆ ಗೆರೆ ಬಾಯಿ ಬಿಟ್ಟರೆ ಅಲ್ಲಿ ಕೆಲಸ ಇದೆ ಅಂತ ಅರ್ಥ. ನನಗೆ ಸಿಕ್ಕದ್ದು ಹನ್ನೊಂದರಲ್ಲಿ ಎರಡು.

ಉಳಿದ ಒಂಬತ್ತನ್ನು ನಾನು ಮುಟ್ಟಲಿಲ್ಲ. ಎಲ್ಲವನ್ನೂ ಮತ್ತೆ ಕಾಯಿಸಿ ಹೊಸದು ಮಾಡಿಬಿಡೋಣ ಅಂತ ಕೈ ತುರಿಸುತ್ತದೆ. ಬೇಡ. ಗಟ್ಟಿ ಇದ್ದದ್ದು ಇರಲಿ.

ಮೊಬೈಲ್ ರಿಪೇರಿಯ 25 ವ್ಯಾಟ್ ಸೋಲ್ಡರಿಂಗ್ ಐರನ್ ಇಲ್ಲಿ ನಡೆಯುವುದಿಲ್ಲ. ಹಿತ್ತಾಳೆ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ನೀವು ಕಾಯುತ್ತಾ ಕೂತಷ್ಟು ಹೊತ್ತು ಬಿಸಿ ಪಕ್ಕದ ಬೆಸುಗೆಗೆ ಹರಿದು ಅದೂ ಬಿಚ್ಚುತ್ತದೆ. 60 ವ್ಯಾಟ್ ಅಥವಾ ಮೇಲಿನದು, ದಪ್ಪ ತುದಿಯದು ತನ್ನಿ. ತಟ್ಟನೆ ಕಾಯಿಸಿ ತಟ್ಟನೆ ತೆಗೆಯಬೇಕು. 60/40 ಸೋಲ್ಡರ್ ತಂತಿ ಸುಮಾರು 190 ಡಿಗ್ರಿಗೆ ಪೂರ್ತಿ ಕರಗುತ್ತದೆ, ಅದು ಸಾಕು.

ಚಾಸಿಯನ್ನು ಕಟ್ಟಿಗೆಯ ಹಲಗೆಯ ಮೇಲಿಟ್ಟು ಗುಂಡುಪಿನ್ನಿನಿಂದ ಅಲುಗದ ಹಾಗೆ ಹಿಡಿಸಿ. ಗ್ರಾನೈಟ್ ತುಂಡಿನ ಮೇಲೆ ಬೆಸೆಯಬೇಡಿ, ಅದು ಬಿಸಿ ಕುಡಿಯುತ್ತದೆ. ಪಕ್ಕದ ಬೆಸುಗೆಗಳಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ. ಬಿರುಕು ಬಿಟ್ಟ ಜಾಗವನ್ನು ಬ್ಲೇಡಿನಿಂದ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ. ಹಿತ್ತಾಳೆಗೆ ಹಿತ್ತಾಳೆ ಬೆಸೆಯಲು ರೋಸಿನ್ ಫ್ಲಕ್ಸ್ ನಡೆಯುತ್ತದೆ. ಪಿಯಾನೋ ತಂತಿ ಉಕ್ಕು, ಅದಕ್ಕೆ ರೋಸಿನ್ ಸಾಲದು. ತಗಡಿನ ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ಬೇಕು. ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಎರಚುವುದನ್ನು ನೋಡಿದ್ದೀರಲ್ಲ, ಕೆಲಸ ಅದೇ: ಲೋಹದ ಮೇಲಿನ ಪೊರೆ ಬಿಡಿಸುವುದು. ಆದರೆ ಕೆಲಸ ಮುಗಿದ ಕೂಡಲೇ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ವಾರದಲ್ಲಿ ತಂತಿಗೆ ಕೆಂಪು ತುಕ್ಕು ಗ್ಯಾರಂಟಿ. ಕಿಟಕಿ ತೆರೆದಿಡಿ, ಹೊಗೆ ಮೂಗಿಗೆ ಒಳ್ಳೆಯದಲ್ಲ. ತಂತಿಯನ್ನು ಕೆಂಪಗೆ ಕಾಯಿಸಿದರೆ ಅದರ ಸ್ಪ್ರಿಂಗ್ ಗುಣ ಹೋಗಿ ಬೇಲಿ ತಂತಿಯಾಗುತ್ತದೆ, ಹಾಗಾಗಿ ಗ್ಯಾಸ್ ಟಾರ್ಚ್ ಆಸೆ ಬಿಡಿ.

ತಣ್ಣಗಾದ ಮೇಲೆ ದಪ್ಪ ಗಾಜಿನ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ. ಟಕ್ ಟಕ್ ಅಂದರೆ ಚಾಸಿ ತಿರುಚಿದೆ. ಕೈಯಲ್ಲೇ ಸ್ವಲ್ಪ ಸ್ವಲ್ಪ ಬಗ್ಗಿಸಿ ಸರಿಮಾಡಬಹುದು.

ಮೋಟರ್

1960ರ ದಶಕದ ಮಧ್ಯದ ಕಾರುಗಳಲ್ಲಿ ಜಪಾನಿನ ಮಬುಚಿ ಕಂಪನಿಯ ತಗಡಿನ ಡಬ್ಬಿ ಮೋಟರ್ ಜಾಸ್ತಿ. ಎಫ್‌ಟಿ-16, ಎಫ್‌ಟಿ-36 ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಮೊದಲು ಬಿಚ್ಚದೆ ನೋಡಿ. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ ಎರಡನ್ನು ಜೋಡಿಸಿದರೆ 3 ವೋಲ್ಟ್. ಮೋಟರಿನ ಎರಡು ಕಡೆ ತಾಗಿಸಿ. ತಿರುಗಿದರೆ ದೇವರ ದಯೆ, ಬಿಚ್ಚಲೇಬೇಡಿ. ಹಿಂದಿನ ಮುಚ್ಚಳ ಹಿಡಿದಿರುವ ತಗಡಿನ ಕಿವಿಗಳು ಎರಡು ಮೂರು ಸಲ ಬಗ್ಗಿದರೆ ಮುರಿಯುತ್ತವೆ. ಶಾಫ್ಟಿನ ಎರಡೂ ತುದಿಯ ಬುಷ್ಷಿಗೆ (ಶಾಫ್ಟ್ ತಿರುಗುವ ಲೋಹದ ಬಳೆಗೆ) ಸೂಜಿಯ ತುದಿಯಿಂದ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಅಷ್ಟೇ. ಜಾಸ್ತಿ ಹಾಕಿದರೆ ಒಳಗೆ ಕಮ್ಯುಟೇಟರಿಗೆ (ಕಾರ್ಬನ್ ಬ್ರಷ್‌ನಿಂದ ಕರೆಂಟು ತೆಗೆದುಕೊಳ್ಳುವ, ಶಾಫ್ಟಿನ ಮೇಲಿನ ತಾಮ್ರದ ಭಾಗಕ್ಕೆ) ಇಳಿದು ಕಾರ್ಬನ್ ಪುಡಿಯ ಜೊತೆ ಸೇರಿ ಕಾಡಿಗೆಯಾಗುತ್ತದೆ.

ತಿರುಗದಿದ್ದರೆ ಬಿಚ್ಚಬೇಕು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಡಬ್ಬಿ ಇಲ್ಲದ, ಬಾಯಿ ತೆರೆದ ಹಳೆ ಮೋಟರುಗಳಲ್ಲಿ ಆಲ್ನಿಕೋ ಆಯಸ್ಕಾಂತ ಇರುತ್ತದೆ. ಅದರಿಂದ ಆರ್ಮೇಚರ್, ಅಂದರೆ ತಂತಿ ಸುತ್ತಿದ ತಿರುಗುವ ಭಾಗ, ಹೊರಗೆಳೆದರೆ ಆಯಸ್ಕಾಂತದ ಶಕ್ತಿ ಇಳಿಯುತ್ತದೆ. ಎಳೆಯುತ್ತಿದ್ದ ಹಾಗೇ ಅದರ ಜಾಗಕ್ಕೆ ಕಬ್ಬಿಣದ ತುಂಡೊಂದು ಒಳಗೆ ಸರಿಯಬೇಕು.

ಆರ್ಮೇಚರಿನ ಕಮ್ಯುಟೇಟರಿನಲ್ಲಿ ತಾಮ್ರದ ಮೂರು ಹೋಳುಗಳಿರುತ್ತವೆ. ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ನಡುವಿನ ಸಂದಿಯನ್ನು ಹಲ್ಲುಕಡ್ಡಿಯಿಂದ ಕೆರೆಯಿರಿ. ಮರಳುಕಾಗದ ಬೇಡ. ಆಮೇಲೆ ಮಲ್ಟಿಮೀಟರಿನಲ್ಲಿ ಎರಡೆರಡು ಹೋಳುಗಳ ನಡುವೆ ಓಮ್ ಅಳೆಯಿರಿ. ಮೂರು ಜೋಡಿಗೂ ಒಂದೇ ಲೆಕ್ಕ ಬರಬೇಕು. ಒಂದು ಜೋಡಿ ಮಾತ್ರ ಉಳಿದೆರಡರ ಎರಡು ಪಟ್ಟು ತೋರಿಸಿದರೆ ಆ ಎರಡು ಹೋಳುಗಳ ನಡುವಿನ ಸುರುಳಿ ಹರಿದಿದೆ. ಎಷ್ಟೋ ಸಲ ಹರಿದಿರುವುದು ಹೋಳಿಗೆ ಬೆಸೆದ ತುದಿಯಲ್ಲೇ, ಒಂದು ಹನಿ ಸೋಲ್ಡರಿನಲ್ಲಿ ಮುಗಿಯುತ್ತದೆ. ಹೋಳಿಗೂ ಶಾಫ್ಟಿಗೂ ನಡುವೆ ಮೀಟರ್ ಕೂಗಿದರೆ ಮಾತ್ರ ಸುರುಳಿ ಸುಟ್ಟು ಶಾರ್ಟ್ ಆಗಿದೆ.

ನನ್ನದು ಶಾರ್ಟ್ ಆಗಿತ್ತು. ಪಂಪು, ಮಿಕ್ಸರ್ ಮೋಟರ್ ಸುತ್ತುವ ಅಂಗಡಿಗೆ ಒಯ್ದೆ. ಅಲ್ಲಿನ ಕಾಕಾ ಅಂಗೈ ಮೇಲೆ ಇಟ್ಟುಕೊಂಡು ಕನ್ನಡಕ ಮೇಲೆತ್ತಿ ನೋಡಿದರು. "ಇದು ಮೋಟರ್ ಅಲ್ರೀ ಸರ, ಬಟಾಣಿ ಐತಿ." ಆಗುವುದಿಲ್ಲ ಅನ್ನುತ್ತಾರೆ ಅಂದುಕೊಂಡೆ. ಇಲ್ಲ, ಸಂಜೆ ಅಂಗಡಿ ಮುಚ್ಚಿದ ಮೇಲೆ ಬರಹೇಳಿದರು. ಹಳೆ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚುತ್ತಾ ಅವರು ಎಣಿಸಿದರು, ನಾನು ಬರೆದುಕೊಂಡೆ. ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೋಡಿದರು. ಆರ್ಮೇಚರಿನ ಮೂರು ಕಾಲಿಗೂ ಅಷ್ಟೇ ಸುತ್ತು, ಒಂದೇ ದಿಕ್ಕು. ಸುತ್ತುವ ದಿಕ್ಕು ಒಂದು ಕಾಲಿಗೆ ತಪ್ಪಿದರೂ ಮೋಟರ್ ಸರಿಯಾಗಿ ತಿರುಗುವುದಿಲ್ಲ. ನೀವೂ ಸುತ್ತಿಸಿದರೆ ಎಣಿಸುವಾಗ ಪಕ್ಕದಲ್ಲೇ ಕೂತಿರಿ. ಆ ಸಂಖ್ಯೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು.

ಕಾರ್ಬನ್ ಬ್ರಷ್ ಸವೆದಿದ್ದರೆ ಮಿಕ್ಸರಿನ ಬ್ರಷ್ ಕೆತ್ತಿ ಹಾಕಬೇಡಿ. ಅದು 230 ವೋಲ್ಟಿನದು, 12 ವೋಲ್ಟಿಗೆ ತಡೆ ಜಾಸ್ತಿ. ಸ್ಕೂಟರಿನ ಸೆಲ್ಫ್ ಸ್ಟಾರ್ಟರ್ ಬ್ರಷ್ ತನ್ನಿ. ಅದರಲ್ಲಿ ತಾಮ್ರ ಬೆರೆತಿರುತ್ತದೆ, ನೋಡಲು ಸ್ವಲ್ಪ ಕೆಂಪು ಛಾಯೆ. ಸಣ್ಣ ಅರದಿಂದ ಹಳೆಯದರ ಅಳತೆಗೆ ಉಜ್ಜಿ. ಹೊಸ ಬ್ರಷ್ ಹಾಕಿದ ಮೇಲೆ ಅದೇ ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಭಾರವಿಲ್ಲದೆ ಹತ್ತು ಹದಿನೈದು ನಿಮಿಷ ಓಡಿಸಿ. ಬ್ರಷ್ ಕಮ್ಯುಟೇಟರಿನ ಗುಂಡಗಿನ ಆಕಾರಕ್ಕೆ ಹೊಂದಿಕೊಳ್ಳಬೇಕು. ಮೊದಲ ದಿನವೇ 12 ವೋಲ್ಟ್ ಕೊಟ್ಟರೆ ಕಿಡಿ ಹಾರಿ ತಾಮ್ರ ಗುಂಡಿ ಬೀಳುತ್ತದೆ.

ಆಕ್ಸಲ್, ಗೇರ್, ಟೈರ್

ಆಕ್ಸಲನ್ನು ಗಾಜಿನ ಮೇಲೆ ಉರುಳಿಸಿ. ಕುಣಿಯುತ್ತಾ ಹೋದರೆ ಬಗ್ಗಿದೆ. ಹಳೆ ಆಕ್ಸಲ್ ಬಹಳಷ್ಟು ಸಲ 1/8 ಇಂಚು, ಅಂದರೆ ವರ್ನಿಯರಿನಲ್ಲಿ 3.17 ಮಿ.ಮೀ. ಅಂಗಡಿಯಲ್ಲಿ ಸಿಗುವ 3 ಮಿ.ಮೀ. ರಾಡ್ ಹಾಕಿದರೆ ಲಡಲಡ ಅನ್ನುತ್ತದೆ. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಉದ್ಯಮಬಾಗ್‌ನಲ್ಲಿ ಲೇತ್ ಮಷೀನಿಗೆ ಬರವೇ? ಒಂದು ಆಕ್ಸಲ್, ಎರಡು ಗನ್‌ಮೆಟಲ್ ಬುಷ್ ಅಂದರೆ ಟರ್ನರ್ ಮೊದಲು ನಗುತ್ತಾರೆ, ಆಮೇಲೆ ಹಟಕ್ಕೆ ಬಿದ್ದು ಮಾಡಿಕೊಡುತ್ತಾರೆ. ಹಳೆಯದನ್ನು ತೋರಿಸಿ, ಮಿಲಿಮೀಟರಿನಲ್ಲಿ ಬರೆದುಕೊಡಿ.

ಮುಂದಿನ ಟೈರಿಗೂ ಅಲ್ಲೇ ದಾರಿ ಇದೆ. ಹೈಡ್ರಾಲಿಕ್ ಸಾಮಾನಿನ ಅಂಗಡಿಯ ಓ-ರಿಂಗ್. ವೀಲ್ ಒಯ್ದು ತೊಡಿಸಿ ನೋಡಿಯೇ ತನ್ನಿ. ಮುಂದಿನ ಟೈರಿಗೆ ಹಿಡಿತ ಬೇಡ, ಹೊರಳಿದರೆ ಸಾಕು, ಹಾಗಾಗಿ ಗಟ್ಟಿ ರಬ್ಬರೇ ಒಳ್ಳೆಯದು.

ಹಿಂದಿನದು ಬೇರೆ ಮಾತು. ಮಾಮಾನ ಕಾರಿನ ಹಿಂದಿನ ಸ್ಪಂಜ್ ಟೈರ್ ಒಂದು ಕಡೆ ಪುಡಿ, ಇನ್ನೊಂದು ಕಡೆ ಮಳೆಗಾಲದ ಬೆಲ್ಲ. ಬೆರಳಿಗೆ ಅಂಟಿ ಬರುತ್ತಿತ್ತು. ಇದಕ್ಕೆ ಯಾವ ಮದ್ದೂ ಇಲ್ಲ, ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ಹೊಸ ಸ್ಪಂಜ್ ರಬ್ಬರ್ ಟೈರನ್ನು ಹೊರಗಿನಿಂದ ತರಿಸಿ. ಇಲ್ಲಿ ಉಳಿತಾಯ ಮಾಡಲು ಹೋಗಿ ಚಪ್ಪಲಿ ಸೋಲ್ ಕತ್ತರಿಸಿ ಅಂಟಿಸಿದ್ದೆ. ಹೇಳಿಕೊಳ್ಳುವ ಹಾಗಿಲ್ಲ. ಟೈರನ್ನು ರಿಮ್ಮಿಗೆ ಅಂಟಿಸಿ ಒಣಗಿದ ಮೇಲೆ, ಗಾಜಿನ ಮೇಲೆ ಮರಳುಕಾಗದ ಅಂಟಿಸಿ, ಹಿಂದಿನ ಟೈರನ್ನು ಅದಕ್ಕೆ ಹಗುರವಾಗಿ ತಾಗಿಸಿ 5-6 ವೋಲ್ಟಿನಲ್ಲಿ ಓಡಿಸಿ. ಉಬ್ಬು ತಗ್ಗು ಎಲ್ಲ ಸವೆದು ಎರಡೂ ಟೈರ್ ಒಂದೇ ಎತ್ತರಕ್ಕೆ ಬರುತ್ತವೆ.

ಗೇರ್ ಕೂರಿಸುವಾಗ ತೆಳುವಾದ ಅಂಗಡಿ ಬಿಲ್ಲಿನ ಕಾಗದವನ್ನು ಎರಡು ಗೇರಿನ ಹಲ್ಲುಗಳ ನಡುವೆ ಕಚ್ಚಿಸಿ, ಮೋಟರ್ ಬಿಗಿ ಮಾಡಿ, ಆಮೇಲೆ ಕಾಗದ ಉರುಳಿಸಿ ತೆಗೆಯಿರಿ. ಅಷ್ಟು ಸಡಿಲ ಸಾಕು. ಕಾಗದದ ಮೇಲೆ ಹಲ್ಲಿನ ಗುರುತು ಮೂಡಿರಬೇಕು, ಹರಿದಿರಬಾರದು.

ಗೈಡ್, ಬ್ರೇಡ್, ವೈರ್

ಬ್ರೇಡ್ ಅಂದರೆ ಗೈಡಿನ ಕೆಳಗಿನ ತಾಮ್ರದ ಜಡೆ, ಟ್ರ್ಯಾಕಿನಿಂದ ಕರೆಂಟು ಎತ್ತುವುದು ಅದೇ. ಹೊಸದು ಸಿಗದಿದ್ದರೆ ಸೋಲ್ಡರ್ ಹೀರಲು ಬಳಸುವ ತಾಮ್ರದ ವಿಕ್ ನಡೆಯುತ್ತದೆ. ಖಡೇಬಜಾರ್ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ ನೋಡಿ. ಅದರಲ್ಲಿರುವ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ತೆಗೆಯಿರಿ. ಆ ಬಾಟಲಿ ಬಾಡಿಯ ಬಣ್ಣದ ಹತ್ತಿರ ಬರಬಾರದು. ತುದಿಯನ್ನು ಪೊರಕೆಯ ಹಾಗೆ ಬಿಡಿಸಿ ಸ್ವಲ್ಪ ಕೆಳಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿದರೆ ಗೈಡನ್ನೇ ಸ್ಲಾಟಿನಿಂದ ಎತ್ತುತ್ತದೆ. ವೈರು ಮೆತ್ತಗಿನ ಸಿಲಿಕೋನ್ ವೈರ್ ಆಗಿರಲಿ. ಗೈಡನ್ನು ಬೆರಳಿನಿಂದ ಪೂರ್ತಿ ತಿರುಗಿಸಿ ಬಿಟ್ಟರೆ ವೈರು ಅದನ್ನು ಎಳೆದು ಹಿಡಿಯಬಾರದು.

ಓಡಿಸಿ ನೋಡುವುದು

ಟ್ರ್ಯಾಕ್ ಇಲ್ಲ ಅಂತ ನಿಲ್ಲಬೇಡಿ. ಫರ್ನಿಚರ್ ಅಂಗಡಿಯಲ್ಲಿ ರೌಟರ್ ಮಷೀನ್ ಇರುತ್ತದೆ. 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ 3 ಮಿ.ಮೀ. ಅಗಲ, 8 ಮಿ.ಮೀ. ಆಳದ ಗೀರು ಹೊಡೆಸಿ. ಎರಡೂ ಬದಿಗೆ ತಾಮ್ರದ ಟೇಪ್ ಅಂಟಿಸಿ. ನೇರವಾದದ್ದು ಮಾತ್ರ ಸಾಲದು, ಒಂದು ಎಡ ತಿರುವು, ಒಂದು ಬಲ ತಿರುವು ಇರಲಿ. ಇಲ್ಲದಿದ್ದರೆ ಸೀಸದ ಪಟ್ಟಿಯಂಥ ಗುಟ್ಟು ಹೊರಗೆ ಬರುವುದೇ ಇಲ್ಲ. ವೋಲ್ಟೇಜ್ ಏರಿಸಿ ಇಳಿಸುವ ಡಿಸಿ ಸಪ್ಲೈ ಇದ್ದರೆ 4 ವೋಲ್ಟಿನಿಂದ ಶುರು ಮಾಡಿ. ಕಾರು ಹಿಂದಕ್ಕೆ ಹೋದರೆ ಗೈಡಿನ ಎರಡು ವೈರು ಅದಲು ಬದಲು ಮಾಡಿ, ಅಷ್ಟೇ. ಎರಡು ಸುತ್ತಿಗೊಮ್ಮೆ ಮೋಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಗೇರ್ ಬಿಗಿಯಾಗಿದೆ, ಇಲ್ಲವೇ ಆಕ್ಸಲ್ ಎಲ್ಲೋ ತಿಕ್ಕುತ್ತಿದೆ.

ನಮ್ಮ ಮನೆಯ ಹಾಲ್‌ನಲ್ಲಿ ಮೊದಲ ಸಲ ಸುತ್ತು ಮುಗಿಸಿದಾಗ ಅತ್ತಿ ಬಂದು ನೋಡಿದರು. "ಹಿಂಗ ಓಡ್ತಿತ್ತನ? ನಾ ಒಮ್ಮಿನೂ ನೋಡಿದ್ದಿಲ್ಲ." ಆಮೇಲೆ ಕಂಟ್ರೋಲರ್ ಕೈಗೆ ತಗೊಂಡು ಒಂದೇ ಸಲ ಪೂರ್ತಿ ಒತ್ತಿ ಕಾರನ್ನು ಸೋಫಾ ಕೆಳಗೆ ಕಳಿಸಿದರು.

ಎತ್ತಿಡುವಾಗ ಚಾಸಿಯ ಕೆಳಗೆ ಚಿಕ್ಕ ಕಟ್ಟಿಗೆ ತುಂಡು ಕೊಟ್ಟು ಹಿಂದಿನ ಟೈರ್ ನೆಲಕ್ಕೆ ತಾಗದ ಹಾಗೆ ಇಡಿ, ಇಲ್ಲದಿದ್ದರೆ ಸ್ಪಂಜ್ ಒಂದು ಕಡೆ ಚಪ್ಪಟೆಯಾಗುತ್ತದೆ. ಥರ್ಮಾಕೋಲಿನ ಮೇಲೆ ಟೈರ್ ಇಡಬೇಡಿ, ಕೆಲವು ರಬ್ಬರ್ ಅದನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್ ಬರುವ ಮುಂಚೆ ಒಮ್ಮೆ ಬದಲಿಸಿ. ನೋಟ್‌ಬುಕ್ಕೂ ಅದೇ ಡಬ್ಬಿಯಲ್ಲಿ ಇರಲಿ.